ಮಧ್ಯಾಹ್ನದ ಚಾದರಗಳು

ಮನುಷ್ಯನ ಕೈಗೆ ಅಳತೆಯ ಸಾಧನವೊಂದನ್ನು ಕೊಟ್ಟು, ಪಕ್ಕದಲ್ಲಿ ಬರೆದಿಡಲು ಒಂದು ಪುಸ್ತಕ ಇಟ್ಟರೆ ಸಾಕು, ಇಂಥ ಪ್ರಸಂಗಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಆಯುಷ್ಯದ ಬಹುಭಾಗವನ್ನು ಆಸ್ಪತ್ರೆಗಳಲ್ಲಿ ಮೇಟ್ರನ್ ಆಗಿ ಕಳೆದವಳ ಮಾತಿದು. ಸಾವಿರದ ಒಂಬೈನೂರ ನಲವತ್ತೇಳು ನಲವತ್ತೆಂಟರ ಈ ಕೆಲವು ಪ್ರಸಂಗಗಳನ್ನು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ನಾನು ಅವರಷ್ಟು ನಕ್ಕಿಲ್ಲ. ಬರೆದು ನೋಡಿದರೆ ನಗು ಬಂದೀತೇನೋ ಎಂದು ಕೂತಿದ್ದೇನೆ.

೧. ಆರು ಮತ್ತು ಆರು

ಆಗ ನಾನು ಅಫಜಲಪುರದಲ್ಲಿದ್ದೆ. ಮಳೆಗಾಲ ಬಂತೆಂದರೆ ಭೀಮೆಯ ದಂಡೆಯ ಊರುಗಳಲ್ಲಿ ಚಳಿಜ್ವರ ಏಳುತ್ತಿತ್ತು. ಅದನ್ನು ಅಭ್ಯಾಸ ಮಾಡಲೆಂದು ಹೈದರಾಬಾದಿನಿಂದ ಒಬ್ಬ ಯುವ ಡಾಕ್ಟರನ್ನು ಕಳಿಸಿದ್ದರು. ಒಂದು ಹಳೆಯ ವಾಡೆಯಲ್ಲಿ ಹನ್ನೆರಡು ಮಂಚ ಹಾಕಿ ತಾತ್ಕಾಲಿಕವಾಗಿ ಜ್ವರದ ವಾರ್ಡು ತೆರೆದೆವು. ಆಳಂದದಲ್ಲಿ ಒಂದು, ಜೇವರ್ಗಿಯಲ್ಲಿ ಒಂದು, ಹೀಗೆ ಇನ್ನೆರಡು ಸಣ್ಣ ವಾರ್ಡುಗಳಿದ್ದವು. ಮೂರೂ ಕಡೆಯ ಜ್ವರದ ಚಾರ್ಟುಗಳನ್ನು ಪರೀಕ್ಷಿಸುವ ಹೊಣೆ ನನ್ನದು.

ಡಾಕ್ಟರು ನಾಲ್ಕು ತಾಸಿಗೊಮ್ಮೆ ಜ್ವರ ನೋಡಬೇಕು ಎಂದರು. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ನೋಡಿದರೆ ಸಾಕು ಎಂದು ನಾನು ಹೇಳಿದೆ. ನಾನು ಕಲಿತ ಕಾನ್ವೆಂಟಿನಲ್ಲಿ ಬೆಳಿಗ್ಗೆ ಆರಕ್ಕೆ ಗಂಟೆ, ಸಂಜೆ ಆರಕ್ಕೆ ಪ್ರಾರ್ಥನೆ. ನಡುವೆ ಯಾರೂ ಯಾರನ್ನೂ ಮುಟ್ಟಿ ಎಬ್ಬಿಸುತ್ತಿರಲಿಲ್ಲ. ಡಾಕ್ಟರು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಟೋಪಿಯನ್ನು ತಿರುವುತ್ತ ‘ಆಗಲಿ ಸಿಸ್ಟರ್’ ಎಂದು ಹೋದರು.

ಹನ್ನೆರಡರಿಂದ ನಾಲ್ಕೂವರೆಯವರೆಗೆ ರೋಗಿಗಳಿಗೂ ನನಗೂ ವಿಶ್ರಾಂತಿ. ಆ ಹೊತ್ತಿನಲ್ಲಿ ವಾರ್ಡಿನಲ್ಲಿ ಮಾತು ಕೂಡದು. ಒಮ್ಮೊಮ್ಮೆ ಊಟಕ್ಕೆ ಹೋಗುವ ಮುಂಚೆ ಕಿಟಕಿಯಿಂದ ನೋಡುತ್ತಿದ್ದೆ. ಎಲ್ಲರೂ ತಲೆಯವರೆಗೆ ಕಂಬಳಿ ಹೊದ್ದು ಮುದುಡಿ ಮಲಗಿರುತ್ತಿದ್ದರು. ಹಳ್ಳಿಯ ಜನಕ್ಕೆ ಎಷ್ಟು ಬೇಗ ಶಿಸ್ತು ಬಂತು ಎಂದು ನನಗೆ ಹೆಮ್ಮೆಯಾಗುತ್ತಿತ್ತು.

ವಾರ್ಡಿನ ಕೆಲಸಕ್ಕೆ ಒಬ್ಬ ಆಯಾ ಇದ್ದಳು. ಜೇವರ್ಗಿಯವಳು, ಗಂಡ ತೀರಿಕೊಂಡಿದ್ದ. ಹನ್ನೆರಡು ವರ್ಷದ ಮಗಳು ಊರಿನಲ್ಲಿ ತಂಗಿಯ ಹತ್ತಿರ ಇದ್ದಳು. ಆಯಾಳ ನೌಕರಿ ಹಂಗಾಮಿ. ಕಾಯಂ ಆದರೆ ವಾಡೆಯ ಹಿಂದಿನ ಕೋಣೆ ಸಿಗುತ್ತದೆ, ಮಗಳನ್ನು ಕರೆಸಿಕೊಂಡು ಶಾಲೆಗೆ ಹಾಕಬಹುದು ಎಂಬುದೊಂದೇ ಆಕೆಯ ಆಸೆ. ದಿನಕ್ಕೊಮ್ಮೆ ಆ ಕೋಣೆಯನ್ನು ಸುಮ್ಮನೆ ಗುಡಿಸಿ ಬರುತ್ತಿದ್ದಳು. ಕಾಯಂ ಆಗಲು ಆಕೆಯ ಸರ್ವಿಸ್ ಪುಸ್ತಕದಲ್ಲಿ ನನ್ನ ಒಳ್ಳೆಯ ಷರಾ ಬೇಕಿತ್ತು.

ಒಂದು ಸಂಜೆ ಆಕೆ ಬಾಗಿಲ ಹತ್ತಿರ ನಿಂತು ಹೇಳಿದಳು: ‘ಬಾಯಾರ, ಮಧ್ಯಾನ್ದಾಗ ಮಂದಿಗಿ ಭಾಳ ಜ್ವರ ಬರಾಕತ್ತಾವ್ರಿ. ಮೈ ಮುಟ್ಟಿದ್ರ ಕೈ ಸುಡ್ತದ್ರಿ.’

‘ಚಾರ್ಟಿನಲ್ಲಿ ಇಲ್ಲ’ ಎಂದೆ.

‘ನಾ ಕೈಲೆ ನೋಡೇನ್ರಿ.’

‘ನಿನ್ನ ಕೈ ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಬೆಂದ ಕೈ. ಅದು ಸಾಕ್ಷಿ ಅಲ್ಲ. ಥರ್ಮಾಮೀಟರ್ ಸಾಕ್ಷಿ.’

ಆಕೆ ಬಹಳ ವಿನಯದಿಂದಲೇ ಹೇಳಿದಳು: ‘ಹೌದ್ರಿ. ಖರೇ ನಿಮ್ಮ ಕಡ್ಡಿಗಿ ಆರಕ್ಕ ಎಚ್ಚರ ಆಗ್ತದ್ರಿ. ಜ್ವರಕ್ಕ ಹನ್ನೊಂದಕ್ಕ ಆಗ್ತದ್ರಿ.’

೨. ಎಡಗಡೆಯ ಸಾಲು

ಆ ವರ್ಷ ರಂಜಾನ್ ತಿಂಗಳು ಮಳೆಗಾಲದಲ್ಲಿಯೇ ಬಂದಿತ್ತು. ಆಳಂದದ ಚಾರ್ಟುಗಳನ್ನು ನೋಡಿ ಡಾಕ್ಟರಿಗೆ ಊಟ ಸೇರದಂತಾಯಿತು. ಅಲ್ಲಿ ಎಡಗಡೆಯ ಸಾಲಿನ ರೋಗಿಗಳಿಗೆಲ್ಲ ಬಲಗಡೆಯ ಸಾಲಿನವರಿಗಿಂತ ಸುಮಾರು ಒಂದು ಡಿಗ್ರಿ ಜ್ವರ ಕಡಿಮೆ. ದಿನವೂ ಹಾಗೆಯೇ. ವಿಚಾರಿಸಿದಾಗ, ಎಡಗಡೆಯವರು ರೋಜಾ ಹಿಡಿದವರು ಎಂದು ತಿಳಿಯಿತು. ಜ್ವರವಿದ್ದಾಗ ಉಪವಾಸ ಬಿಟ್ಟರೂ ನಡೆಯುತ್ತದೆ ಎಂದು ಕಾಜಿಗಳೇ ಹೇಳಿದ್ದರೂ ಅವರು ಬಿಟ್ಟಿರಲಿಲ್ಲ.

ಉಪವಾಸ ಜ್ವರವನ್ನು ಇಳಿಸುತ್ತದೆ ಎಂಬ ಹೊಸ ಸಂಗತಿ ಸಿಕ್ಕಿತೆಂದು ಡಾಕ್ಟರು ಹನ್ನೊಂದು ಪುಟ ಬರೆದರು. ಅದನ್ನು ಶುದ್ಧಪ್ರತಿ ಮಾಡಿದವಳು ನಾನು. ಒಂದು ಕಾಮಾ ತಪ್ಪಿರಲಿಲ್ಲ. ಕಳಿಸುವ ಮುಂಚೆ ಕಣ್ಣಾರೆ ನೋಡಿ ಬರೋಣ ಎಂದು ಇಬ್ಬರೂ ಆಳಂದಕ್ಕೆ ಹೋದೆವು.

ಅಲ್ಲಿಯ ಕಂಪೌಂಡರು ಥರ್ಮಾಮೀಟರ್ ತೊಳೆದು ಬಲಗಡೆಯ ಸಾಲಿನವರ ನಾಲಗೆಯ ಕೆಳಗೆ ಇಟ್ಟರು. ಎಡಗಡೆಗೆ ಬಂದೊಡನೆ ಕಂಕುಳಲ್ಲಿ ಇಟ್ಟರು.

‘ಅಲ್ಲೇಕೆ ಇಡುತ್ತೀರಿ?’ ಎಂದೆ.

‘ಔಷಧ ನೀರಾಗ ಅದ್ದಿದ ಕಡ್ಡಿ ಬಾಯಾಗ ಇಟ್ರ ರೋಜಾ ಮುರೀತದ ಅಂತಾರ್ರಿ. ಪಾಪ, ಯಾಕ ಕೆಡಿಸೂದು?’

ಕಂಕುಳಲ್ಲಿ ಜ್ವರ ಒಂದು ಡಿಗ್ರಿಯಷ್ಟು ಕಡಿಮೆಯೇ ತೋರಿಸುತ್ತದೆ. ಇದು ನರ್ಸಿಂಗಿನ ಮೊದಲ ವರ್ಷದ ಪಾಠ. ಡಾಕ್ಟರು ಹನ್ನೊಂದು ಪುಟಗಳನ್ನು ಮಡಿಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು. ನಾನು ಕಂಪೌಂಡರನ್ನು ಗದರಿಸಿದೆ: ‘ಇದನ್ನು ಚಾರ್ಟಿನಲ್ಲಿ ಬರೆಯಬೇಡವೆ?’

‘ಬಾಯಾರ, ಜ್ವರ ಎಷ್ಟದ ಅಂತ ಒಂದು ಖಾನಿ ಅದ್ರಿ, ಬರದೇನ್ರಿ. ಎಲ್ಲಿ ನೋಡಿದಿ ಅಂತ ಕೇಳೂ ಖಾನಿ ನೀವ ಗೆರಿ ಹೊಡದಿಲ್ರಿ.’

ಚಾರ್ಟಿನ ಅಂಕಣಗಳ ಗೆರೆಗಳನ್ನು ಎಳೆದವಳು ನಾನೇ ಆಗಿದ್ದೆ.

೩. ಏರದ ನದಿ

ನದಿ ಏರಿ ಇಳಿದಾಗ ದಂಡೆಯ ತಗ್ಗುಗಳಲ್ಲಿ ನೀರು ನಿಂತು ಸೊಳ್ಳೆ ಹೆಚ್ಚುತ್ತವೆ, ಆದ್ದರಿಂದ ನದಿಯ ಮಟ್ಟಕ್ಕೂ ಜ್ವರಕ್ಕೂ ಸಂಬಂಧ ಇದ್ದೇ ಇರಬೇಕು ಎಂದು ಡಾಕ್ಟರು ಮತ್ತೊಂದು ವಿಚಾರ ಹಿಡಿದರು. ಒಳ್ಳೆಯ ವಿಚಾರವೇ. ಸೊನ್ನ ಎಂಬ ಹಳ್ಳಿಯ ಹತ್ತಿರ ನದಿಯೊಳಗೆ ಅಳತೆಯ ಗೆರೆ ಹಾಕಿದ ಕಟ್ಟಿಗೆಯ ಕಂಬವೊಂದನ್ನು ನಿಲ್ಲಿಸಿ, ದಿನವೂ ನೀರು ಎಷ್ಟನೆಯ ಗೆರೆಗೆ ಬಂತೆಂದು ಬರೆಯಲು ಒಬ್ಬ ಮುದುಕನನ್ನು ನೇಮಿಸಿದರು.

ಎರಡು ತಿಂಗಳು ಪ್ರತಿ ವಾರವೂ ಅವನ ಚೀಟಿ ತಪ್ಪದೆ ಬಂತು. ಸೋಮವಾರ ನಾಲ್ಕು. ಮಂಗಳವಾರ ನಾಲ್ಕು. ಬುಧವಾರ ನಾಲ್ಕು. ನಡುವೆ ಒಂದು ವಾರ ಭೀಮೆ ಉಕ್ಕಿ ಹರಿದು ದೋಣಿ ನಿಂತಿತ್ತು, ಹೊಲಗಳಿಗೆ ನೀರು ನುಗ್ಗಿತ್ತು. ಆ ವಾರವೂ ನಾಲ್ಕು.

ಡಾಕ್ಟರು ಜಟಕಾ ಮಾಡಿಕೊಂಡು ಹೊರಟರು. ನಾನೂ ಹೋದೆ. ಮುದುಕ ದಂಡೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಕಂಬ ನೆಟ್ಟಗೆ, ಶುಭ್ರವಾಗಿ ನಿಂತಿತ್ತು. ನೀರು ನಾಲ್ಕನೆಯ ಗೆರೆಗೇ ಇತ್ತು.

‘ಯಾಕಪ್ಪಾ, ನದಿ ಏರಲೇ ಇಲ್ಲವೆ?’ ಎಂದು ಡಾಕ್ಟರು ಕೇಳಿದರು.

‘ಏರಿತ್ತಲ್ರಿ ಸಾಬರ. ಆ ಜಾಲಿ ಗಿಡದ ತನ ಬಂದಿತ್ರಿ.’

‘ಮತ್ತೆ ನಾಲ್ಕು ಎಂದು ಯಾಕೆ ಬರೆದೆ?’

‘ನೀರು ಏರಿದಂಗ ಕಂಬ ಕಿತ್ತು ಮ್ಯಾಲ ತಂದು ಹುಗದೇನ್ರಿ. ಇಳದಂಗ ಮತ್ತ ಒಯ್ದು ಕೆಳಗ ಹುಗದೇನ್ರಿ. ಸರಕಾರಿ ಕಂಬ ಹರಕೊಂಡು ಹೋದ್ರ ನನ್ನ ಮನಿ ಹರಾಜು ಹಾಕ್ತಾರ್ರಿ.’ ಆಮೇಲೆ ಸ್ವಲ್ಪ ಅಭಿಮಾನದಿಂದ ಸೇರಿಸಿದ: ‘ಎಷ್ಟರ ಮಹಾಪೂರ ಬರಲ್ರಿ, ನಿಮ್ಮ ನಾಕು ನಾ ಬಿಟ್ಟಿಲ್ರಿ.’

ಜಟಕಾದಲ್ಲಿ ಬರುವಾಗ ದಾರಿಯುದ್ದಕ್ಕೂ ನಕ್ಕೆ. ಅಷ್ಟು ನಗುವುದು ನನ್ನ ಸ್ವಭಾವವಲ್ಲ. ಡಾಕ್ಟರು ನಗಲಿಲ್ಲ. ‘ಸಿಸ್ಟರ್, ನಮ್ಮ ವಾರ್ಡಿನಲ್ಲಿ ಜ್ವರ ಇಷ್ಟು ಕಡಿಮೆ ಯಾಕೆ? ಗುಣವಾಗಿ ಹೋದವರು ನಾಲ್ಕು ದಿನಕ್ಕೇ ಮತ್ತೆ ಬರುತ್ತಾರಲ್ಲ?’ ಎಂದರು.

ಅವರನ್ನು ಹೊಸ ರೋಗಿಗಳೆಂದು ಬರೆಯುತ್ತಿದ್ದೇವೆ, ಲೆಕ್ಕದಲ್ಲಿ ತಪ್ಪಿಲ್ಲ ಎಂದು ಹೇಳಿ ಮತ್ತೆ ಆ ಕಂಬವನ್ನು ನೆನೆದು ನಕ್ಕೆ.

೪. ಸಾಬೂನಿನ ತರ್ಕ

ದೀಪಾವಳಿಯ ಹೊತ್ತಿಗೆ ನನ್ನ ಕಪಾಟಿನ ಸಾಬೂನು ಮೂರು ತಿಂಗಳಿಗೆಂದು ತಂದದ್ದು ಎರಡೇ ತಿಂಗಳಲ್ಲಿ ಮುಗಿಯಿತು. ಆಯಾಳನ್ನು ಕರೆದೆ.

‘ಮಂದಿಗಿ ಮಧ್ಯಾನ್ದಾಗ ಜ್ವರ ಬಂದು ಇಳೀತಾವ್ರಿ ಬಾಯಾರ. ಇಳಿಯೂ ಮುಂದ ಬೆವತು ಚಾದರ ತೊಯ್ದು ತಪ್ಪಡಿ ಆಗ್ತಾವ್ರಿ. ದಿನಾ ಒಗೀತೇನ್ರಿ.’

‘ನಾನು ನೋಡಿಲ್ಲ.’

‘ನೀವು ಬರೂದರಾಗ ಹಗ್ಗದ ಮ್ಯಾಲ ಒಂದು ಅರಿವಿ ಕಾಣಬಾರದು ಅಂತ ನೀವ ಹೇಳೀರಲ್ರಿ. ಒಣಗಿಸಿ, ಮಡಚಿ, ಹಾಸಿ ಇಡ್ತೇನ್ರಿ.’

ಹಾಗೆ ಹೇಳಿದ್ದು ನಿಜ. ಆದರೆ ನಾನು ತರ್ಕ ಕಲಿತವಳು. ಚಾರ್ಟಿನಲ್ಲಿ ಜ್ವರವಿಲ್ಲ. ಜ್ವರವಿಲ್ಲದಿದ್ದರೆ ಬೆವರಿಲ್ಲ. ಬೆವರಿಲ್ಲದಿದ್ದರೆ ಒಗೆಯುವ ಚಾದರವಿಲ್ಲ. ಒಗೆಯುವ ಚಾದರವಿಲ್ಲದಿದ್ದರೆ ಸಾಬೂನು ಎಲ್ಲಿಗೆ ಹೋಯಿತು? ಒಂದೊಂದೇ ಮೆಟ್ಟಿಲು ಇಳಿದಂತೆ ಇದನ್ನೆಲ್ಲ ಡಾಕ್ಟರ ಎದುರಿಗೇ ಆಯಾಳಿಗೆ ಹೇಳಿದೆ.

ಸರ್ವಿಸ್ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆದೆ: ‘ಸುಳ್ಳು ಹೇಳುವವಳು. ವಾರ್ಡಿನ ಸಾಬೂನು ಕದ್ದವಳು. ಇಟ್ಟುಕೊಳ್ಳಲು ಯೋಗ್ಯಳಲ್ಲ.’ ಬರೆದದ್ದನ್ನು ಆಕೆಗೆ ಓದಿ ಹೇಳಿದೆ. ಹಾಗೆ ಓದಿ ಹೇಳುವುದು ನಿಯಮ.

ಆಕೆ ಅಳಲಿಲ್ಲ. ಮೂಲೆಯಲ್ಲಿದ್ದ ತನ್ನ ಗಂಟು ಎತ್ತಿಕೊಂಡಳು. ಹಿಂದಿನ ಕೋಣೆಯ ಕಸಬರಿಗೆಯನ್ನು ತಂದು ಗೋಡೆಗೆ ಒರಗಿಸಿದಳು. ಚಾರ್ಟುಗಳು ತೂಗುವ ಗೋಡೆಯತ್ತ ಒಮ್ಮೆ ನೋಡಿ ಹೇಳಿದಳು: ‘ಕಾಗದಕ್ಕ ಬೆವರು ಬರಂಗಿಲ್ಲಲ್ರಿ ಬಾಯಾರ. ಅದಕ್ಕ ಸಾಬೂನು ಬೇಕಾಗಿಲ್ಲ.’

ಹೊಸ ಆಯಾ ಬಂದಳು. ಸಾಬೂನು ಉಳಿಯತೊಡಗಿತು. ನನ್ನ ತರ್ಕಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ ಎಂದು ಡಾಕ್ಟರಿಗೆ ಕಪಾಟನ್ನೇ ತೆರೆದು ತೋರಿಸಿದೆ. ಎರಡು ತಿಂಗಳಾದ ಮೇಲೆ ವಾರ್ಡಿನ ವಾಸನೆ ತಡೆಯಲಾಗದೆ ಹೊಸ ಆಯಾಳನ್ನು ಕೇಳಿದೆ: ‘ಚಾದರ ತೊಯ್ದರೆ ನೀನು ಏನು ಮಾಡುತ್ತೀ?’

‘ತಿರುವಿ ಹಾಸ್ತೇನ್ರಿ ಬಾಯಾರ. ಎರಡು ಮಗ್ಗಲ ಅವಲ್ರಿ ಅದಕ್ಕ.’

೫. ಅಮೀನ್ ಸಾಬರ ಪುಸ್ತಕ

ಆ ಮಾತು ಕೇಳಿದ ಮರುದಿನವೇ ಊರಿನ ಠಾಣೆಯ ಮುಖ್ಯಸ್ಥರಾದ ಪೊಲೀಸ್ ಅಮೀನ್ ಸಾಬರು ವಾರ್ಡಿಗೆ ಬಂದರು. ಆಗಿನ ಕಾಲ ನೆನಪಿರುವವರಿಗೆ ಹೇಳಬೇಕಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮಲ್ಲಿ ನಿಜಾಮರ ಆಳಿಕೆಯೇ ಇತ್ತು. ಸೊಲ್ಲಾಪುರದ ಕಡೆಯ ಗಡಿ ಹತ್ತಿರ. ಆಚೆಯಿಂದ ಯಾರು ಬರುತ್ತಾರೆ, ಈಚೆಯಿಂದ ಯಾರು ಸುದ್ದಿ ಕಳಿಸುತ್ತಾರೆ ಎಂದು ಪೊಲೀಸರಿಗೆ ಗಿಡಗಂಟಿಯ ಮೇಲೂ ಸಂಶಯ.

ಅಮೀನರು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಡಾಕ್ಟರೂ ಇದ್ದರು.

‘ಬಾಯಿಸಾಹೇಬ್ರ, ನಿಮಗ ಶುಕ್ರಿಯಾ ಹೇಳಾಕ ಬಂದೇನಿ. ನಾವು ಹಿಡಿಯೂಕಿಂತ ಮೊದಲ ನೀವು ಹಿಡದ್ರಿ.’

‘ಯಾರನ್ನು?’

‘ಆ ಜೇವರ್ಗಿ ಆಯಾನ್ನ.’

ಅವರು ಕಿಸೆಯಿಂದ ಒಂದು ಸಣ್ಣ ಪುಸ್ತಕ ತೆಗೆದರು. ಮಳೆಗಾಲದಿಂದ ಅವರ ಸಿಪಾಯಿಯೊಬ್ಬ ಎದುರಿನ ಚಹಾದ ಅಂಗಡಿಯಲ್ಲಿ ಗಿರಾಕಿಯಂತೆ ಕೂತು, ನಮ್ಮ ಹಗ್ಗದ ಮೇಲಿನ ಚಾದರಗಳನ್ನು ದಿನವೂ ಮಧ್ಯಾಹ್ನ ಎಣಿಸಿ ಬರೆದಿದ್ದ. ‘ನೋಡ್ರಿ. ಒಂದು ದಿನ ಏಳು. ಮರುದಿನ ಒಂದು. ಅದರ ಮರುದಿನ ಮತ್ತ ಏಳು. ದಿನಾ ಬಿಟ್ಟು ದಿನಾ. ನಾಕೂವರಿ ಆಗೂದರಾಗ ಎಲ್ಲಾ ಮಾಯ. ಸಂಕೇತ ಅಲ್ಲದ ಮತ್ತೇನು? ನೀವು ಆಕೀನ ತಗದ ದಿನದಿಂದ ಹಗ್ಗ ಖಾಲಿ. ನಾಳೆ ಜೇವರ್ಗಿಗಿ ಹೋಗಿ ಹಿಡಕೊಂಡು ಬರ್ತೇನಿ.’

ಡಾಕ್ಟರು ಪುಸ್ತಕವನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಸಿದುಕೊಂಡರು. ಪುಟ ಮಗುಚಿದಂತೆ ಅವರ ಮುಖ ಬೆಳಗಿತು. ‘ದಿನ ಬಿಟ್ಟು ದಿನ ಬರುವ ಚಳಿಜ್ವರ. ಚೊಕ್ಕಟವಾಗಿ ಇದೆ. ಸಿಸ್ಟರ್, ಮೂರೂ ತಾಲೂಕಿನಲ್ಲಿ ಜ್ವರವನ್ನು ಸರಿಯಾಗಿ ಅಳೆದವನು ಈ ಸಿಪಾಯಿ ಒಬ್ಬನೇ.’

‘ಅದನ್ನ ಇಲ್ಲಿ ಕೊಡ್ರಿ ಡಾಕ್ಟರ್ ಸಾಬ್, ಖಾಸ್ ಕಾಗದ ಅವು’ ಎಂದು ಅಮೀನರು ಕೈ ಚಾಚಿದರು.

ನನಗೆ ಸೊನ್ನದ ಮುದುಕನ ನೆನಪಾಯಿತು. ನನ್ನ ಕಂಬವನ್ನು ನಾನೇ ಕಿತ್ತು ಕಿತ್ತು, ಜ್ವರವಿಲ್ಲದ ಹೊತ್ತಿಗೆ ಒಯ್ದು ಹುಗಿದಿದ್ದೆ. ನಾನು ಶಿಸ್ತು ಎಂದುಕೊಂಡ ಆ ಕಂಬಳಿಗಳ ಕೆಳಗೆ ಜನ ನಡುಗುತ್ತಿದ್ದರು. ಚಾರ್ಟಿನಲ್ಲಿ ಜ್ವರವಿಲ್ಲವೆಂದು ಅವರ ಕ್ವಿನೈನ್ ನಿಲ್ಲಿಸಿ ಮನೆಗೆ ಕಳಿಸಿದ್ದೆವು.

‘ಅಮೀನ್ ಸಾಬರೆ, ಅದು ಸಂಕೇತವಲ್ಲ. ರೋಗಿಗಳ ಬೆವರಿನ ಚಾದರಗಳು ಅವು’ ಎಂದೆ.

‘ನಿಮ್ಮ ಚಾರ್ಟಿನಾಗ ಆ ದಿನಗಳಿಗೆ ಜ್ವರಾನೇ ಇಲ್ಲಲ್ರಿ. ನಿನ್ನೆ ನೀವೂ ಡಾಕ್ಟರ್ ಸಾಬರೂ ಇಲ್ಲದಾಗ ಬಂದು ನೋಡಿಕೊಂಡು ಹೋಗೇನಿ.’

‘ಚಾರ್ಟು ತಪ್ಪು.’

‘ಯಾರು ಬರದದ್ದು?’

‘ನಾನು.’

‘ಹಂಗಂತ ಬರಕೊಡ್ತೀರೇನು?’

ನನ್ನ ಸೇವೆಯಲ್ಲಿ ಅಲ್ಲಿಯವರೆಗೆ ಒಂದೂ ಕಪ್ಪು ಚುಕ್ಕೆ ಇರಲಿಲ್ಲ. ಬರೆದೆ. ‘ಆಯಾ ಹೇಳಿದ್ದು ನಿಜ. ನಾನು ಜ್ವರ ನೋಡಿದ ಹೊತ್ತು ತಪ್ಪು. ಆಕೆ ಕದ್ದಿಲ್ಲ.’ ಕೈಯಕ್ಷರ ಮಾತ್ರ ಎಂದಿನಂತೆ ನೆಟ್ಟಗಿತ್ತು.

ಅಮೀನರು ಅದನ್ನು ಎರಡು ಸಲ ಓದಿದರು. ಅವರ ಮುಖ ಬಾಡಿತು. ‘ನಾಕು ತಿಂಗಳ ಕೆಲಸ ಬಾಯಿಸಾಹೇಬ್ರ’ ಎಂದು ನಿಟ್ಟುಸಿರುಬಿಟ್ಟರು. ಬಾಗಿಲವರೆಗೆ ಹೋಗಿ ತಿರುಗಿ ನಿಂತು ಕೇಳಿದರು: ‘ಏಳು ಚಾದರ ಅಂದ್ರ ಏಳು ಬಂದೂಕು ಅಂತ ಮ್ಯಾಲ ಬರದು ಕಳಿಸೇನಿ. ಈಗ ಏಳು ಮಂದಿ ಬೆವತಾರ ಅಂತ ಹ್ಯಾಂಗ ಬರೀಲಿ?’

೬. ಜೇವರ್ಗಿಯ ಹಗ್ಗ

ಸಂಕ್ರಾಂತಿ ಮುಗಿದ ವಾರ ಆಯಾಳನ್ನು ಮರಳಿ ಕರೆತರಲು ಹೊರಟೆ. ಕೆಂಪು ಶಾಯಿಯ ಷರಾವನ್ನು ಅಳಿಸಲು ನಿಯಮವಿಲ್ಲ. ಅದರ ಕೆಳಗೆ ‘ಮೇಲಿನದು ತಪ್ಪು, ತಪ್ಪು ನನ್ನದು’ ಎಂದು ಬರೆದು ಸರ್ವಿಸ್ ಪುಸ್ತಕವನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಹಿಂದಿನ ಕೋಣೆಯ ಬೀಗದ ಕೈಯನ್ನೂ ಇಟ್ಟುಕೊಂಡಿದ್ದೆ. ಒಂದಿಷ್ಟು ದೂರ ಮೋಟಾರು, ನದಿಗೆ ದೋಣಿ, ಉಳಿದದ್ದು ಬಂಡಿ. ರಾತ್ರಿ ಪರಿಚಯದವರ ಮನೆಯಲ್ಲಿ ಉಳಿದು ಮರುದಿನ ಹನ್ನೊಂದರ ಸುಮಾರಿಗೆ ಜೇವರ್ಗಿ ಮುಟ್ಟಿದೆ.

ಆಕೆ ತಂಗಿಯ ಮನೆಯ ಅಂಗಳದಲ್ಲಿ ತೊಗರಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಕೋಲು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. ‘ಬರ್ರಿ ಬಾಯಾರ, ಕೂಡ್ರಿ’ ಎಂದು ಕಂಬಳಿ ಹಾಸಿದಳು.

ನಾನು ಕೂರಲಿಲ್ಲ. ನಿಂತೇ ಷರಾ ಓದಿ ಹೇಳಿದೆ. ನಿಯಮ ನಿಯಮವೇ. ಆದರೆ ಓದುವಾಗ ಪುಸ್ತಕ ಅಲುಗಾಡಿ ಅಕ್ಷರ ನಿಲ್ಲದಾಯಿತು. ಹಲ್ಲು ಹಲ್ಲಿಗೆ ತಾಕತೊಡಗಿತು.

ಆಕೆ ಬೀಗದ ಕೈ ನೋಡಿದಳು, ತೆಗೆದುಕೊಳ್ಳಲಿಲ್ಲ. ‘ಕೋಣಿ ಬ್ಯಾಡ್ರಿ ಈಗ. ಹೋದ ತಿಂಗಳ ಮಗಳ ಲಗ್ನ ಮಾಡಿಬಿಟ್ಟೇನ್ರಿ. ತಂಗಿ ಮನ್ಯಾಗ ಎಷ್ಟು ದಿನ ಇಟಗೊಳ್ಳಾಕ ಬರ್ತದ್ರಿ. ನನಗ ನೌಕರಿ ಹೋತು, ಆಕೀಗಿ ಸಾಲಿ ಹೋತು. ಅಷ್ಟೇ.’ ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು. ಆಮೇಲೆ ನನ್ನ ಮುಖ ನೋಡಿ ಹತ್ತಿರ ಬಂದು, ಕೈಯ ಹಿಂಬದಿಯನ್ನು ನನ್ನ ಹಣೆಯ ಮೇಲೆ ಇಟ್ಟಳು.

‘ಬಾಯಾರ, ನಿಮಗ ಜ್ವರ ಅದ್ರಿ.’

‘ಇಲ್ಲ. ಬೆಳಿಗ್ಗೆ ಆರಕ್ಕೆ ನೋಡಿಕೊಂಡಿದ್ದೇನೆ’ ಎಂದೆ.

ಅಷ್ಟು ಹೇಳಿದ್ದು ನೆನಪಿದೆ. ಮುಂದಿನದು ಚೂರುಚೂರಾಗಿ ನೆನಪು. ಚಾದರ ಹಾಸಿ ಮಲಗಿಸಿದರು, ಮೇಲೆ ಎರಡು ಕೌದಿ ಹೊದಿಸಿದರು. ಆಕೆಯ ಕೈ ಆಗಾಗ ಹಣೆಗೆ ಬರುತ್ತಿತ್ತು. ಯಾರೋ ಬಾಯಿಗೆ ನೀರು ಹನಿಸಿದರು. ನಂತರ ಬೆವರು. ಮೈಯೆಲ್ಲ ತೊಯ್ದು, ಕೆಳಗಿನ ಚಾದರ ತೊಯ್ದು, ಅಕ್ಕತಂಗಿಯರಿಬ್ಬರೂ ನನ್ನನ್ನು ಎತ್ತಿ ಬದಿಗೆ ಸರಿಸಿ ಬೇರೆ ಹಾಸಿದ್ದು ತಿಳಿಯಿತು.

ಕಣ್ಣು ತೆರೆದಾಗ ಬಿಸಿಲು ಇಳಿದಿತ್ತು. ಅಂಗಳದ ಹಗ್ಗದ ಮೇಲೆ ಒಂದು ಚಾದರ ಆರುತ್ತಿತ್ತು. ಆಕೆ ಹೊಸ್ತಿಲ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ನನ್ನ ಗಡಿಯಾರದಲ್ಲಿ ಆರು. ಎಷ್ಟೋ ವರ್ಷಗಳ ರೂಢಿ, ಕೈ ತಾನಾಗಿ ಚೀಲಕ್ಕೆ ಹೋಯಿತು. ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡೆ. ಆಕೆ ಮೊರ ಕೆಳಗಿಟ್ಟು ಕಾದಳು.

‘ಎಷ್ಟದ್ರಿ?’

ನೋಡಿದೆ. ‘ತೊಂಬತ್ತೆಂಟು.’

‘ಅಂದ್ರ?’

‘ಅಂದರೆ ಜ್ವರ ಇಲ್ಲ.’

‘ಬರಕೋರಿ ಮತ್ತ’ ಎಂದಳು. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ‘ನಿಮಗ ಇವತ್ತ ಜ್ವರಾನೇ ಬಂದಿಲ್ಲ. ಜ್ವರ ಇಲ್ಲಂದ್ರ ಬೆವರಿಲ್ಲ. ಬೆವರಿಲ್ಲಂದ್ರ ನಾ ಆ ಚಾದರ ಒಗದೇ ಇಲ್ರಿ.’

ನನ್ನ ತರ್ಕವನ್ನು ಆಕೆ ಒಂದು ಮೆಟ್ಟಿಲೂ ತಪ್ಪದೆ ನೆನಪಿಟ್ಟುಕೊಂಡಿದ್ದಳು. ಆಕೆ ಎದ್ದು ಹೋಗಿ ಚಾದರವನ್ನು ಮುಟ್ಟಿ ಆರಿದೆಯೇ ಎಂದು ನೋಡಿದಳು. ಅಂಚಿಗೆ ಅಂಚು ಕೂಡಿಸಿ, ನಾನು ಕಲಿಸಿದ ರೀತಿಯಲ್ಲೇ ನಾಲ್ಕು ಮಡಿಕೆ ಮಾಡಿದಳು.

‘ಸಾಬೂನಿಂದು ಚಿಂತಿ ಮಾಡಬ್ಯಾಡ್ರಿ ಬಾಯಾರ’ ಎಂದಳು. ‘ಇವತ್ತಿಂದು ನಂದ ಅದ.’